ಆಚಂದ್ರಾರ್ಕ

ಮೂವತ್ತೊಂದು ವರ್ಷ ಸಾಗರದಲ್ಲಿ ಪತ್ರ ಬರಹಗಾರನಾಗಿದ್ದೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ ಎಷ್ಟು ಬರೆದೆನೋ ಲೆಕ್ಕವಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಕ್ರಯಪತ್ರದ ಕೊನೆಯಲ್ಲಿ ಒಂದು ಸಾಲನ್ನು ಬಿಡಲು ಒಪ್ಪುತ್ತಿರಲಿಲ್ಲ: ‘ಸದರಿ ಸ್ವತ್ತನ್ನು ನೀವು ಪುತ್ರಪೌತ್ರ ಪಾರಂಪರ್ಯವಾಗಿ ಆಚಂದ್ರಾರ್ಕ ಅನುಭವಿಸಿಕೊಂಡು ಬರತಕ್ಕದ್ದು.’ ಚಂದ್ರ ಸೂರ್ಯರು ಇರುವ ತನಕ ಎಂದರ್ಥ. ಶಾಸನಗಳ ಕಾಲದಿಂದ ಇಳಿದು ಬಂದ ಮಾತು.

ಬರೆಯುವಾಗ ಕೈಗೆ ಅದು ಅಭ್ಯಾಸ. ಆದರೆ ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಆ ಮಾತನ್ನು ನಂಬುವುದು ಕಷ್ಟ. ಕೆಳದಿಯ ಅರಸರು ಊರಿಂದೂರಿಗೆ ರಾಜಧಾನಿ ಬದಲಿಸಿ ಕಟ್ಟಿದ ರಾಜ್ಯ 1763ರಲ್ಲಿ ಹೈದರಾಲಿ ಬಿದನೂರು ಹಿಡಿಯುವುದರೊಂದಿಗೆ ಮುಗಿಯಿತು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಡೆನೂರಿನ ಹಳೆಯ ಅಣೆಕಟ್ಟು ತಲೆ ಎತ್ತುತ್ತದೆ. 1948ರ ಅಣೆಕಟ್ಟು ಅದು. 1964ರಲ್ಲಿ ಲಿಂಗನಮಕ್ಕಿ ಬಂದು ಮನೆ, ಗದ್ದೆ, ತೋಟಗಳ ಜೊತೆಗೆ ಆ ಅಣೆಕಟ್ಟನ್ನೂ ನುಂಗಿತು. ಕಲ್ಲುಗಾರೆಯ ಆ ಗಟ್ಟಿ ಗೋಡೆಯ ಆಚಂದ್ರಾರ್ಕ ಹದಿನಾರು ವರ್ಷ.

ಇಂಥದ್ದನ್ನು ಕಂಡಾಗ ಕ್ರೈಸ್ತರಾದ ನಾವು ಪೌಲನ ಮಾತು ನೆನೆಯುತ್ತೇವೆ: ಕಾಣುವಂಥದ್ದು ಸ್ವಲ್ಪಕಾಲದ್ದು, ಕಾಣದಿರುವಂಥದ್ದು ನಿತ್ಯವಾದದ್ದು. ನಾನು ಅದನ್ನು ಮನಸಾರೆ ನಂಬುತ್ತೇನೆ. ಆದರೆ ಆ ಮಾತನ್ನು ಯಾರಿಗೆ, ಯಾವಾಗ ಹೇಳುತ್ತೇವೆ ಎಂಬುದರ ಬಗ್ಗೆ ನನಗೆ ಈಚಿನ ವರ್ಷಗಳಲ್ಲಿ ತುಂಬಾ ನೋವಾಗಿದೆ. ಅದನ್ನು ಬರೆಯಲೇಬೇಕು ಎನ್ನಿಸಿತು.

ಮುಳುಗಡೆಯಿಂದ ಎದ್ದು ಬಂದ ಹಿರಿಯರೊಬ್ಬರು ವರ್ಷಕ್ಕೆ ಎರಡು ಮೂರು ಬಾರಿ ನನ್ನ ಮೇಜಿನ ಮುಂದೆ ಕೂರುತ್ತಿದ್ದರು. ಸಾಗುವಳಿ ಮಾಡಿಕೊಂಡಿದ್ದ ಎರಡು ಎಕರೆಗೆ ಹಕ್ಕುಪತ್ರ ಬೇಕಿತ್ತು. ಪ್ರತಿಸಲವೂ ಅದೇ ಅರ್ಜಿ, ಹೊಸ ತಾರೀಖು. ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಸ್ವೀಕೃತಿಗಳು ಹಳದಿಯಾಗಿದ್ದವು. ಹಕ್ಕುಪತ್ರ ಬರುವ ಮೊದಲೇ ಅವರು ತೀರಿಕೊಂಡರು. ಮನೆಗೆ ಹೋಗಿ ಮಗನ ಕೈ ಹಿಡಿದು, “ದೇವರ ಬಳಿ ನಿಮ್ಮ ತಂದೆಯವರಿಗೆ ಶಾಶ್ವತವಾದ ಮನೆ ಇದೆ, ಸಮಾಧಾನ ಮಾಡಿಕೊಳ್ಳಿ” ಎಂದೆ. ಅವನು ಸಿಟ್ಟಾಗಲಿಲ್ಲ. “ಅಪ್ಪ ಅರ್ಜಿ ಹಾಕಿದ್ದು ಆ ಮನೆಗಲ್ಲ ಸಾರ್, ಎರಡು ಎಕರೆಗೆ” ಎಂದ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಸತ್ಯವೇದ ತೆಗೆದು ಯೆರೆಮೀಯನ ಮೂವತ್ತೆರಡನೆಯ ಅಧ್ಯಾಯ ಓದಿದೆ. ಎಷ್ಟೋ ಸಲ ಓದಿದ್ದರೂ ಅದೊಂದು ಕ್ರಯಪತ್ರದ ಕಥೆ ಎಂದು ಹೊಳೆದದ್ದು ಅಂದೇ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಪ್ರವಾದಿ ಸೆರೆಯಲ್ಲಿದ್ದಾನೆ. ದೇಶ ಕೈತಪ್ಪುತ್ತದೆ ಎಂದು ಸಾರಿ ಸಾರಿ ಹೇಳಿದವನೂ ಅವನೇ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಯೆರೆಮೀಯ 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಪತ್ರ ಬರೆದು, ಮುದ್ರೆ ಒತ್ತಿ, ಸಾಕ್ಷಿಗಳ ರುಜು ಹಾಕಿಸುತ್ತಾನೆ. ಮುದ್ರೆಯೊತ್ತಿದ ಪ್ರತಿ ಒಂದು, ತೆರೆದ ಪ್ರತಿ ಇನ್ನೊಂದು. ಎರಡನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿಡಲು ತನ್ನ ಲಿಪಿಕಾರ ಬಾರೂಕನಿಗೆ ಹೇಳುತ್ತಾನೆ. ನನ್ನ ಕಸುಬಿನವನಿಗೆ ಆ ಸಾಲುಗಳು ಎಷ್ಟು ಹತ್ತಿರವಾದವೆಂದರೆ, ಬಾರೂಕನ ಬೆರಳಿಗೆ ಅಂಟಿದ ಮಸಿ ಕೂಡ ಕಂಡಂತಾಯಿತು.

ನಿತ್ಯತೆಯನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದ ಮನುಷ್ಯ ಹೊಲದ ಕಾಗದವನ್ನು ಅಷ್ಟು ಶ್ರದ್ಧೆಯಿಂದ ಮಾಡಿಸಿದ. ಈ ದೇಶದಲ್ಲಿ ಜನರು ಮತ್ತೆ ಮನೆ, ಹೊಲ, ದ್ರಾಕ್ಷೆತೋಟಗಳನ್ನು ಕೊಳ್ಳುವರು ಎಂದು ದೇವರು ಹೇಳಿದ್ದನಲ್ಲ!

ನಮ್ಮ ನಿರೀಕ್ಷೆ ಕೂಡ ದೇಹ ಬಿಟ್ಟು ಮೇಲೆ ಹಾರಿಹೋಗುವುದಲ್ಲ. ಅದು ಪುನರುತ್ಥಾನದ ನಿರೀಕ್ಷೆ, ಹೊಸ ಆಕಾಶದ ಜೊತೆಗೆ ಹೊಸ ಭೂಮಿಯ ನಿರೀಕ್ಷೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನೈದನೆಯ ಅಧ್ಯಾಯವಿಡೀ ಪೌಲ ಸತ್ತವರು ಎದ್ದು ಬರುವುದನ್ನು ವಾದಿಸುತ್ತಾನೆ. ಮರಣವೇ, ನಿನ್ನ ವಿಷದ ಕೊಂಡಿ ಎಲ್ಲಿ ಎಂದು ಕೇಳುವವರೆಗೂ ಏರುತ್ತಾನೆ. ಇನ್ನು ಲೋಕದ ಕೆಲಸ ಬಿಡಿ ಎನ್ನುತ್ತಾನೋ ಎಂದುಕೊಂಡರೆ, ಕಡೆಯ ವಚನದಲ್ಲಿ ಕರ್ತನಲ್ಲಿ ನೀವು ಪಡುವ ಪ್ರಯಾಸ ವ್ಯರ್ಥವಲ್ಲ, ಅದರಲ್ಲಿ ಹೆಚ್ಚುತ್ತಾ ಇರಿ ಎನ್ನುತ್ತಾನೆ.

ಆದ್ದರಿಂದ ಹೇಳುತ್ತೇನೆ: ನಷ್ಟಪಟ್ಟವನ ಬಾಯಿ ಮುಚ್ಚಿಸಲು ಪರಲೋಕದ ಹೆಸರು ಎತ್ತುವುದು ಪಾಪ. ಆ ಮಾತನ್ನು ಉಳ್ಳವನು ಮೊದಲು ತನಗೆ ತಾನೇ ಹೇಳಿಕೊಳ್ಳಬೇಕು. ನನ್ನ ಪಾಲನ್ನು ಕೊಡುವಂತೆ ಅಣ್ಣನಿಗೆ ಹೇಳು ಎಂದು ಒಬ್ಬನು ಯೇಸುವಿನ ಬಳಿ ಬಂದಾಗ, ಪಾಲು ಮಾಡುವವನನ್ನಾಗಿ ನನ್ನನ್ನು ನೇಮಿಸಿದವರು ಯಾರು ಎಂದು ಕೇಳಿದ ಸ್ವಾಮಿ, ಕಣಜ ಕೆಡವಿ ದೊಡ್ಡ ಕಣಜ ಕಟ್ಟಲು ಹೊರಟವನ ಕಥೆ ಹೇಳಿದನು. ಆ ಕಥೆಯಲ್ಲಿ ಬುದ್ಧಿಹೀನ ಎನ್ನಿಸಿಕೊಂಡವನು ಬೆಳೆ ತುಂಬಿಕೊಂಡವನೇ.

ನಮ್ಮ ಮನೆಗಳಲ್ಲಿ ನಡೆಯುವುದು ತಿರುಗಾಮುರುಗಾ. ಭಾರತೀಯ ಉತ್ತರಾಧಿಕಾರ ಕಾಯ್ದೆ ಬಂದದ್ದು 1925ರಲ್ಲಿ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತರ ಆಸ್ತಿಯಲ್ಲಿ ಅದು ಮಗನಿಗೂ ಮಗಳಿಗೂ ಸಮಪಾಲು ಕೊಟ್ಟಿದೆ. ಆದರೂ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಲು ಬಂದ ಎಷ್ಟು ಅಕ್ಕತಂಗಿಯರನ್ನು ನಾನು ನೋಡಿದ್ದೇನೆ! ಪ್ರಾರ್ಥನೆ ಮಾಡಿಯೇ ಕರೆದುಕೊಂಡು ಬಂದಿರುತ್ತಾರೆ. ಭೂಮಿಯ ಮೇಲಿನ ಗಂಟು ಏಕೆ, ಮೇಲೆ ಸಂಪತ್ತು ಕೂಡಿಸಿಟ್ಟುಕೋ ಎಂದು ಹೇಳಿಯೂ ಇರುತ್ತಾರೆ. ಆ ಸಂಪತ್ತು ಅಷ್ಟು ದೊಡ್ಡದಾದರೆ ತಮ್ಮಂದಿರು ಅದನ್ನೇ ಇಟ್ಟುಕೊಂಡು ತೋಟವನ್ನು ಅಕ್ಕನಿಗೆ ಬಿಡಬಹುದಿತ್ತಲ್ಲ?

ಇದನ್ನು ಇನ್ನೊಬ್ಬರ ಮೇಲೆ ಹೊರಿಸಿ ನಾನು ಪಾರಾಗುವಂತಿಲ್ಲ. ಅಪ್ಪ ತೀರಿಕೊಂಡಾಗ ನನ್ನ ಅಕ್ಕನ ಬಿಡುಗಡೆ ಪತ್ರವನ್ನು ನಾನೇ ಬರೆದೆ. ಅವಳು ಓದದೆ ರುಜು ಹಾಕಿದಳು, ಬರೆದವನು ತಮ್ಮನಲ್ಲವೇ ಎಂದು. ಇಪ್ಪತ್ತೆರಡು ವರ್ಷ ಆ ತೋಟದ ಅಡಿಕೆ ನನ್ನ ಅಂಗಳದಲ್ಲಿ ಒಣಗಿತು. ಕೊಳೆರೋಗದ ವರ್ಷಗಳಲ್ಲಿ ಮೈಲುತುತ್ತದ ಖರ್ಚು ಹೇಳಿಕೊಂಡು ಅವಳ ಮುಂದೆ ಗೋಳಾಡಿದ್ದೂ ಇದೆ. ಅವಳು ತನ್ನ ಬಳೆ ಅಡವಿಟ್ಟು ಮಗಳ ಶುಲ್ಕ ಕಟ್ಟಿದ್ದು ನನಗೆ ಬಹಳ ತಡವಾಗಿ ತಿಳಿಯಿತು.

ನಿತ್ಯಜೀವ ಎಂದರೆ ದೇವರನ್ನು ತಿಳಿಯುವುದು ಎಂದು ಯೇಸು ಪ್ರಾರ್ಥಿಸಿದ್ದು ಯೋಹಾನನ ಸುವಾರ್ತೆಯಲ್ಲಿದೆ. ಹಾಗಿದ್ದರೆ ಅದು ಸತ್ತ ಮೇಲೆ ಶುರುವಾಗುವಂಥದ್ದಲ್ಲ. ಅದರೊಳಗೆ ಕಾಲಿಟ್ಟವನು ಅಕ್ಕನ ಪಾಲನ್ನು ಇಟ್ಟುಕೊಂಡು ಎಷ್ಟು ದೂರ ನಡೆದಾನು?

ಆ ಎರಡು ಎಕರೆಯ ಅರ್ಜಿಯನ್ನು ಈಗ ಮಗನ ಹೆಸರಿನಲ್ಲಿ ಬರೆದುಕೊಡುತ್ತಿದ್ದೇನೆ. ಹಳೆಯ ಸ್ವೀಕೃತಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ನಕಲು ಮಾಡಿಸಿದ್ದೇವೆ. ಬರೆಸಿದ ಹಣ ತೆಗೆದುಕೊಳ್ಳುವುದಿಲ್ಲ.

ಕಳೆದ ಮಾರ್ಚ್‌ನಲ್ಲಿ ಅಕ್ಕನಿಗೆ ಕೆಳಗಿನ ತೋಟದ ಹದಿನೆಂಟು ಗುಂಟೆಯ ದಾನಪತ್ರ ನೋಂದಣಿ ಮಾಡಿಸಿದೆ. ಅವಳದ್ದನ್ನೇ ಅವಳಿಗೆ ಕೊಡುವ ಪತ್ರಕ್ಕೆ ದಾನ ಎಂದು ಬರೆಯುವಾಗ ಕೈ ನಡುಗಿತು; ಕಾನೂನಿನಲ್ಲಿ ಬೇರೆ ಹೆಸರಿರಲಿಲ್ಲ. ಈ ಸಲ ಅವಳು ಪ್ರತಿ ಸಾಲನ್ನೂ ಬೆರಳಿಟ್ಟು ಓದಿದಳು. ಚಕ್ಕುಬಂದಿಗೆ ಬಂದಾಗ ನಿಂತಳು. ಪೂರ್ವಕ್ಕೆ ಹಳ್ಳ, ದಕ್ಷಿಣಕ್ಕೆ ಕಾಲುದಾರಿ, ಉತ್ತರಕ್ಕೆ ಸೊಪ್ಪಿನ ಬೆಟ್ಟ, ಪಶ್ಚಿಮಕ್ಕೆ ನನ್ನ ಹೆಸರು.

“ಹಾಗಾದರೆ ಇನ್ನು ಮೇಲೆ ನೀನು ನನ್ನ ನೆರೆಯವನೇನೋ?” ಎಂದಳು.

ಹೌದು ಅಕ್ಕ ಎಂದೆ. ನಡುವೆ ಬೇಲಿ ಹಾಕಬೇಡ, ಮಳೆ ಹಿಡಿಯುವುದರೊಳಗೆ ಬಸಿಗಾಲುವೆಯ ಹೂಳು ತೆಗೆಸಬೇಕು, ನಿನ್ನ ಕಡೆಯದನ್ನೂ ಒಟ್ಟಿಗೇ ತೆಗೆಸಿಬಿಡೋಣ ಎಂದು ಹೇಳಿ ರುಜು ಹಾಕಿದಳು.