ತಲೆ ಹಾಲ್‌ನಲ್ಲಿ, ಮುಂಡ ರೂಮಿನಲ್ಲಿ

ಇವತ್ತು ಬೆಳಿಗ್ಗೆ ಆಫೀಸಿನ ಹನ್ನೆರಡು ಜನಕ್ಕೆ ಒಂದು ಮೇಲ್ ಕಳಿಸಿದೆ. ಅದರಲ್ಲಿ ಇಬ್ಬರು ನನಗೆ ಮೇಲಿನವರು, ಒಬ್ಬರು ಆ ಮೇಲಿನವರಿಗೂ ಮೇಲಿನವರು. ಹಾಗಾಗಿ ಮೈಯೆಲ್ಲಾ ಮರ್ಯಾದೆಯಾಗಿ ಬರೆದಿದ್ದೆ. ಕಳಿಸಿ ಹತ್ತು ನಿಮಿಷವಾದ ಮೇಲೆ ಸುಮ್ನೆ ತೆಗೆದು ನೋಡಿದರೆ ಮೊದಲ ಸಾಲು ಹೀಗಿತ್ತು: 'ಅನ್ಯರೇ,'

ನಾನು ಒತ್ತಿದ್ದು 'ಮಾನ್ಯರೇ' ಅಂತಲೇ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವವನು ನಾನು. ಎಂ, ಆಮೇಲೆ ಎ, ಆಮೇಲೆ ಇನ್ನೊಂದು ಎ. ಮೊದಲ ಎರಡನ್ನು ಕೀಬೋರ್ಡ್ ನುಂಗಿಬಿಟ್ಟಿದೆ. ಮಾನ್ಯರಾಗಿದ್ದವರು ಎರಡು ಕೀಲಿಯ ಅಂತರದಲ್ಲಿ ಅನ್ಯರಾಗಿಬಿಟ್ಟರು.

ನುಂಗಿದ್ದು ಯಾಕೆ ಅಂದ್ರೆ, ಅದು ನಿದ್ದೆ ಮಾಡುತ್ತಿತ್ತು. ನನ್ನದು ಟ್ಯಾಬ್ಲೆಟ್ಟು, ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಕೀಬೋರ್ಡ್ ಡಾಕು. ಬ್ಯಾಟರಿ ಉಳಿಸಬೇಕು ಅಂತ ಈ ಡಾಕು ಸ್ವಲ್ಪ ಹೊತ್ತು ಮುಟ್ಟದಿದ್ದರೆ ಮಲಗಿಬಿಡುತ್ತದೆ. ಮತ್ತೆ ಒಂದು ಕೀಲಿ ಒತ್ತಿದರೆ ಏಳುತ್ತದೆ, ಟ್ಯಾಬ್ಲೆಟ್ಟನ್ನು ಹುಡುಕುತ್ತದೆ, 'ನಾನೇ, ನಾನೇ' ಅಂತ ಗುರುತು ಹೇಳಿಕೊಳ್ಳುತ್ತದೆ. ಇಷ್ಟರಲ್ಲಿ ಒಂದೆರಡು ಅಕ್ಷರ ಗಾಳಿಗೆ ಹೋಗಿರುತ್ತದೆ. ಕೀಲಿ ನೋಡಿಕೊಂಡು ಟೈಪ್ ಮಾಡುವ ನನ್ನಂಥವನಿಗೆ ಅದು ಗೊತ್ತಾಗುವುದು ಯಾವಾಗ? ಕಳಿಸಿ ಹತ್ತು ನಿಮಿಷವಾದ ಮೇಲೆ.

ಇದನ್ನು ನನ್ನ ತಲೆಗೆ ಕಟ್ಟಿದವನು ಒಬ್ಬ ಗೆಳೆಯ. ಹಳೇ ಲ್ಯಾಪ್‌ಟಾಪ್ ಎರಡು ಕಿಲೋ ದಾಟುತ್ತಿತ್ತು, ಭುಜ ನೋಯುತ್ತದೆ ಅಂತ ಅವನ ಹತ್ತಿರ ಗೊಣಗಿದ್ದೇ ತಪ್ಪಾಯಿತು. "ನೀನು ದಿನಾ ಮಾಡೋದಾದ್ರೂ ಏನಯ್ಯಾ? ಮೇಲು, ವರ್ಡು, ಎಕ್ಸೆಲ್ಲು. ಅದಕ್ಕೆ ಲ್ಯಾಪ್‌ಟಾಪ್ ಯಾಕೆ?" ಅಂದ. ಇಷ್ಟು ವರ್ಷದ ನನ್ನ ಕೆಲಸ ಮೂರು ಪದದಲ್ಲಿ ಮುಗಿದುಹೋಯಿತು. ಆ ಅವಮಾನದಲ್ಲೇ ಹೋಗಿ ಕೊಂಡುಕೊಂಡೆ. ಅವನು ಇವತ್ತಿಗೂ ಲ್ಯಾಪ್‌ಟಾಪೇ ಬಳಸುತ್ತಾನೆ. ಕೇಳಿದರೆ "ನನ್ನ ಕೆಲಸ ಬೇರೆ" ಅನ್ನುತ್ತಾನೆ.

ಈ ಆಸೆ ಅವನೊಬ್ಬನದೇ ಅಲ್ಲ ಬಿಡಿ. 2001ರಲ್ಲಿ ಬಿಲ್ ಗೇಟ್ಸ್ ಅವರೇ, ಇನ್ನು ಐದು ವರ್ಷದಲ್ಲಿ ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾಗುವ ಕಂಪ್ಯೂಟರ್ ಅಂದ್ರೆ ಟ್ಯಾಬ್ಲೆಟ್ ಆಗಿರುತ್ತದೆ ಅಂದಿದ್ದರು. 2006 ಬಂತು, ಹೋಯಿತು. ಜನ ಲ್ಯಾಪ್‌ಟಾಪ್ ಚೀಲ ಹೊತ್ತುಕೊಂಡೇ ಓಡಾಡುತ್ತಿದ್ದರು. 2010ರಲ್ಲಿ ಐಪ್ಯಾಡ್ ಬಂತು. ಅದರ ಜೊತೆಗೇ ಆಪಲ್ ಒಂದು ಕೀಬೋರ್ಡ್ ಡಾಕನ್ನೂ ತಂದಿತು. ಅದರಲ್ಲಿ ಐಪ್ಯಾಡನ್ನು ಉದ್ದಕ್ಕೆ ಮಾತ್ರ ನಿಲ್ಲಿಸಬಹುದಿತ್ತು, ಶಿಕ್ಷೆಗೆ ನಿಂತ ಹುಡುಗನ ಹಾಗೆ. 2012ರಲ್ಲಿ ಮೈಕ್ರೋಸಾಫ್ಟ್‌ನ ಸರ್ಫೇಸ್ ಟ್ಯಾಬ್ಲೆಟ್ ಬಂದಾಗ ಬೆನ್ನಿಗೇ ಒಂದು ಕಾಲು ಇತ್ತು, ಆದರೆ ಆ ಕಾಲು ನಿಲ್ಲುತ್ತಿದ್ದದ್ದು ಒಂದೇ ಕೋನದಲ್ಲಿ. ನಿಮ್ಮ ಎತ್ತರ ಎಷ್ಟೇ ಇರಲಿ, ನೀವೇ ಕತ್ತು ಹೊಂದಿಸಿಕೊಳ್ಳಬೇಕು. 2014ರ ಸರ್ಫೇಸ್ ಪ್ರೋ 3ರಲ್ಲಿ ಕಾಲು ಬೇಕಾದ ಹಾಗೆ ಬಾಗಿತು. ಲ್ಯಾಪ್‌ಟಾಪಿನ ಜಾಗಕ್ಕೆ ಇದೇ ಬರುತ್ತದೆ ಅಂತ ಜಾಹೀರಾತೂ ಬಂತು. ಅಂದ್ರೆ, ಟ್ಯಾಬ್ಲೆಟ್ಟಿಗೆ ಲ್ಯಾಪ್‌ಟಾಪ್ ಆಗು ಅಂತ ಎರಡು ದಶಕದಿಂದ ಎಲ್ಲರೂ ಬುದ್ಧಿ ಹೇಳುತ್ತಲೇ ಇದ್ದಾರೆ.

ಆಗಲಿ ಪಾಪ, ಯಾರು ಬೇಡ ಅಂದರು? ಆದರೆ ಲ್ಯಾಪ್‌ಟಾಪ್ ಅನ್ನುವ ಹೆಸರಲ್ಲೇ ತೊಡೆ ಇದೆ ಅಲ್ವಾ? ಲ್ಯಾಪ್‌ಟಾಪಿನ ಭಾರವೆಲ್ಲ ಕೆಳಗೆ. ಬ್ಯಾಟರಿ, ಬೋರ್ಡು ಎಲ್ಲ ಕೀಬೋರ್ಡಿನ ಅಡಿಯಲ್ಲಿ, ಪರದೆ ಅಂದ್ರೆ ಬರೀ ಮುಚ್ಚಳ. ಟ್ಯಾಬ್ಲೆಟ್ಟಿನಲ್ಲಿ ಎಲ್ಲ ಉಲ್ಟಾ. ಬ್ಯಾಟರಿ, ಮಿದುಳು, ಪ್ರಾಣ ಎಲ್ಲ ಪರದೆಯ ಹಿಂದೆ. ಕೆಳಗೆ ಬರೀ ಕೀಲಿಗಳು. ತೊಡೆಯ ಮೇಲಿಟ್ಟು ಕೈ ಬಿಟ್ಟರೆ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಮೊದಲ ವಾರದಲ್ಲೇ ಒಂದು ವಿಡಿಯೋ ಮೀಟಿಂಗಿನಲ್ಲಿ, ನಾನು ಗಂಭೀರವಾಗಿ "ಈ ತಿಂಗಳ ಲೆಕ್ಕ ಏನಂದ್ರೆ" ಅನ್ನುವಷ್ಟರಲ್ಲಿ, ಎಲ್ಲರಿಗೂ ನಮ್ಮ ಮನೆ ಫ್ಯಾನ್ ಕಾಣಿಸಿತು. ಹಿಡಿಯಲು ಬಾಗಿದೆ, ನನ್ನ ಮೂಗಿನ ಒಳಭಾಗ ಕಾಣಿಸಿತು. ಕ್ಯಾಮೆರಾ ಆಫ್ ಮಾಡುವ ಗಡಿಬಿಡಿಯಲ್ಲಿ ಎಡತುದಿಯ ಕೀಲಿ ಒತ್ತಿದೆ. ಅಲ್ಲಿ ಎಸ್ಕೇಪ್ ಇರಬೇಕಿತ್ತು. ನನ್ನ ಡಾಕಿನಲ್ಲಿ ಅಲ್ಲಿರುವುದು ಹೋಮ್ ಕೀಲಿ. ಮೀಟಿಂಗು ಹೋಗಿ ನನ್ನ ಮುಂದೆ ಆ್ಯಪುಗಳ ಸಾಲು ನಿಂತಿತ್ತು.

ಹಿಂದಕ್ಕೆ ಬೀಳಬಾರದು ಅಂದ್ರೆ ಡಾಕನ್ನೇ ಭಾರ ಮಾಡಬೇಕು. ಮಾಡುತ್ತಾರೆ. ಆಮೇಲೆ ಎರಡನ್ನೂ ಸೇರಿಸಿ ತೂಗಿದರೆ ನಗು ಬರುತ್ತದೆ. 2020ರ ದೊಡ್ಡ ಐಪ್ಯಾಡ್ ಪ್ರೋಗೆ ಆಪಲ್‌ನದೇ ಮ್ಯಾಜಿಕ್ ಕೀಬೋರ್ಡ್ ಸಿಕ್ಕಿಸಿದರೆ ಸುಮಾರು 1.35 ಕಿಲೋ. ಅದೇ ಕಂಪನಿಯ ಆಗಿನ ಲ್ಯಾಪ್‌ಟಾಪ್ ಮ್ಯಾಕ್‌ಬುಕ್ ಏರ್ 1.29 ಕಿಲೋ. ಹಗುರ ಮಾಡಿಕೊಳ್ಳಲು ಹೋಗಿ ಅರವತ್ತು ಗ್ರಾಂ ಜಾಸ್ತಿ!

ಇವೆಲ್ಲ ಸಹಿಸಬಹುದು. ನಿಜವಾದ ತೊಂದರೆ ಇರುವುದು ಇದರ ತಲೆ ಕಳಚಿಕೊಳ್ಳುತ್ತದಲ್ಲ, ಅದರಲ್ಲಿ. ಲ್ಯಾಪ್‌ಟಾಪ್ ಇದ್ದಾಗ ಮನೆಯವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಅದು ಆಫೀಸಿನ ವಸ್ತು ಅನ್ನುವ ಭಯ ಇತ್ತು. ಇದರ ತಲೆ ಕಳಚುತ್ತದೆ ಅಂತ ಅಮ್ಮನಿಗೆ ಗೊತ್ತಾದ ದಿನ ಆ ಭಯ ಹೋಯಿತು. ಸಂಜೆ ನಾನು ಕೈ ತೊಳೆಯಲು ಎದ್ದರೆ ಸಾಕು. ವಾಪಸ್ ಬರುವಷ್ಟರಲ್ಲಿ ಟೇಬಲ್ ಮೇಲೆ ಮುಂಡ ಮಾತ್ರ. ತಲೆ ಹಾಲ್‌ನಲ್ಲಿ ಧಾರಾವಾಹಿ ನೋಡುತ್ತಿರುತ್ತದೆ. "ನಿನ್ನ ಟೈಪಿಂಗ್ ಮೆಷಿನ್ ಅಲ್ಲೇ ಇದೆಯಲ್ಲೋ, ನಾನೇನು ಅದನ್ನ ತಂದಿದೀನಾ?" ಅನ್ನುತ್ತಾರೆ ಅಮ್ಮ.

ಹೋದ ವಾರ ಹೀಗೇ ತಲೆ ಹೋದ ಮೇಲೆ, ಬೇಜಾರಾಗಿ ಕೀಬೋರ್ಡನ್ನು ಹಾಸಿಗೆ ಮೇಲೆ ಎಸೆದು, ಹೊದ್ದುಕೊಂಡು ಮಲಗಿದೆ. ಅಮ್ಮನ ಧಾರಾವಾಹಿಯಲ್ಲಿ ಆವತ್ತು ದೊಡ್ಡ ದಿನ. ತಿಂಗಳುಗಟ್ಟಲೆ ಬಾಯಿ ಬಿಡದ ತಾಯಿ ಇವತ್ತು ಮಗನಿಗೆ ನಿಜ ಹೇಳುತ್ತಾಳೆ. ಗೋಡೆಯ ಆಚೆಯಿಂದ ನನಗೂ ಕೇಳಿಸುತ್ತಿತ್ತು. "ನಿಜ ಹೇಳ್ತೀನಿ ಕೇಳು, ನೀನು..." ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ನಿಜ ಹೇಳ್ತೀನಿ ಕೇಳು, ನೀನು..." ಮತ್ತೆ ನಿಂತಿತು. ಮೂರನೇ ಸಲವೂ ಅಷ್ಟೇ. ಅಮ್ಮನಿಗೆ ಮೊದಲು ಅನುಮಾನವೇ ಬರಲಿಲ್ಲ. ಧಾರಾವಾಹಿ ಇರುವುದೇ ಹಾಗಲ್ಲವಾ? "ಹೇಳ್ತೀನಿ ಹೇಳ್ತೀನಿ ಅಂತಾಳೆ, ಹೇಳೋದೇ ಇಲ್ಲ ಮುಂಡೇದು" ಅಂತ ಬೈದುಕೊಂಡರು. ನಾಲ್ಕನೇ ಸಲ ಆ ತಾಯಿ ಇದ್ದಕ್ಕಿದ್ದ ಹಾಗೆ ಮನೆ ಹಾರಿಹೋಗುವಷ್ಟು ಜೋರಾಗಿ ಕಿರುಚಿದಳು. ಆಗ ಅಮ್ಮನೂ ಕಿರುಚಿದರು.

"ಬಾರೋ ಇಲ್ಲಿ! ತಾನೇ ನಿಲ್ಲತ್ತೆ, ತಾನೇ ಹಿಂದಕ್ಕೆ ಹೋಗತ್ತೆ, ತಾನೇ ಕೂಗತ್ತೆ!"

ಹೋದೆ. ಟ್ಯಾಬ್ಲೆಟ್ಟನ್ನು ಕುರ್ಚಿ ಮೇಲಿಟ್ಟು, ಅಮ್ಮ ಮೂರು ಅಡಿ ದೂರ ನಿಂತಿದ್ದರು. ಕೈಗೆ ತೆಗೆದುಕೊಂಡೆ. ಚೆನ್ನಾಗಿಯೇ ಓಡಿತು. "ನೆಟ್‌ವರ್ಕ್ ಇರಬೇಕಮ್ಮ" ಅಂದೆ. ಗೊತ್ತಿಲ್ಲದ ಕಾಯಿಲೆಗೆಲ್ಲ ನಾವು ಈಗ ಅದೇ ಹೆಸರು ಇಟ್ಟಿದ್ದೇವೆ. ವಾಪಸ್ ಬಂದು ಮಲಗಿದೆ. "ನಿಜ ಹೇಳ್ತೀನಿ ಕೇಳು..." ನಿಂತಿತು. ಹೋದೆ, ಸರಿಹೋಯಿತು. ಬಂದೆ, ಕೆಟ್ಟಿತು. ಹೀಗೆ ಐದು ಸಲ. ಆರನೇ ಸಲ ಅಮ್ಮ ಮೆತ್ತಗೆ ಅಂದರು, "ನೀನು ಹತ್ತಿರ ಇದ್ರೆ ಏನೂ ಆಗಲ್ಲ ಕಣೋ. ನಿನ್ನ ಕೈಗುಣ ಚೆನ್ನಾಗಿದೆ."

ಇಷ್ಟು ವರ್ಷದಲ್ಲಿ ಅಮ್ಮನಿಂದ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಅದು. ಎದೆ ಉಬ್ಬಿಸಿಕೊಂಡು ರೂಮಿಗೆ ಬಂದೆ. ಹೊದಿಕೆ ಎತ್ತಿದರೆ ಒಳಗೆ ಒಂದು ಪುಟ್ಟ ನೀಲಿ ದೀಪ. ನನ್ನ ಮೊಣಕಾಲಿನ ಅಡಿಯಲ್ಲಿ ಕೀಬೋರ್ಡು ಎಚ್ಚರವಾಗಿಯೇ ಇತ್ತು. ಬ್ಲೂಟೂತ್‌ಗೆ ಒಂದು ಗೋಡೆ ಯಾವ ಲೆಕ್ಕ? ನಾನು ಮಗ್ಗುಲು ಬದಲಿಸಿದರೆ ಸ್ಪೇಸ್ ಕೀಲಿ, ಧಾರಾವಾಹಿ ನಿಲ್ಲುತ್ತಿತ್ತು. ಮೊಣಕಾಲು ಸರಿಸಿದರೆ ಎಡಬಾಣ, ಹತ್ತು ಸೆಕೆಂಡ್ ಹಿಂದೆ ಹೋಗುತ್ತಿತ್ತು. ಕಾಲು ಚಾಚಿದ್ದಕ್ಕೆ ಸೌಂಡ್ ಜಾಸ್ತಿಯಾಗಿ ಆ ತಾಯಿ ಕಿರುಚಿದ್ದಳು. ಒಂದು ಕುಟುಂಬದ ಗುಟ್ಟನ್ನು ನನ್ನ ಮೊಣಕಾಲು ತಡೆದು ನಿಲ್ಲಿಸಿತ್ತು. ಎದ್ದು ಹೋಗಿ ಅಮ್ಮನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಕೈಗುಣ ಅಂದುಬಿಟ್ಟಿದ್ದರಲ್ಲ.

ಸುಳ್ಳು ಹೇಳಬಾರದು, ಟ್ಯಾಬ್ಲೆಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಮಲಗಿಕೊಂಡು ಓದಲು, ಪಿಡಿಎಫ್ ಮೇಲೆ ಬೆರಳಲ್ಲೇ ಸಹಿ ಗೀಚಲು, ಚಿತ್ರ ನೋಡಲು ಅದರಷ್ಟು ಸುಖ ಇನ್ನೊಂದಿಲ್ಲ. ಟ್ಯಾಬ್ಲೆಟ್ ಟ್ಯಾಬ್ಲೆಟ್ಟಾಗಿದ್ದರೆ ಒಳ್ಳೆಯ ಪ್ರಾಣಿ. ಕೀಬೋರ್ಡ್ ಸಿಕ್ಕಿಸಿ ಅದಕ್ಕೆ ಆಫೀಸರ್ ವೇಷ ಹಾಕಿದಾಗಲೇ ರಗಳೆ ಶುರು. ನಮ್ಮ ಆಫೀಸಿನ ಎಕ್ಸೆಲ್ ಫೈಲಿನಲ್ಲಿ 'ಲೆಕ್ಕ ಮಾಡು' ಅಂತ ಒಂದು ಬಟನ್ ಇದೆ, ಮ್ಯಾಕ್ರೋ, ಅಂದ್ರೆ ಲೆಕ್ಕವನ್ನು ತಾನೇ ಮಾಡಿ ಮುಗಿಸುವ ಒಂದು ಪುಟ್ಟ ಪ್ರೋಗ್ರಾಂ, ಬರೆದು ಕೂರಿಸಿದ್ದು. ನನ್ನ ಟ್ಯಾಬ್ಲೆಟ್ಟಿನ ಎಕ್ಸೆಲ್ ಮ್ಯಾಕ್ರೋ ಓಡಿಸುವುದಿಲ್ಲ. ಬಟನ್ ಕಾಣುತ್ತದೆ, ಒತ್ತಬಹುದು, ಏನೂ ಆಗುವುದಿಲ್ಲ. ಗೋಡೆ ಮೇಲೆ ಬರೆದ ಬಾಗಿಲು. ಇನ್ನು ಇರುವುದು ಒಂದೇ ತೂತು. ಚಾರ್ಜರ್ ಹಾಕಿದರೆ ಪೆನ್‌ಡ್ರೈವ್ ಇಲ್ಲ, ಪೆನ್‌ಡ್ರೈವ್ ಹಾಕಿದರೆ ಚಾರ್ಜ್ ಇಲ್ಲ. ಡೌನ್‌ಲೋಡ್ ಮಾಡಿದ ಫೈಲ್ ಎಲ್ಲಿ ಹೋಯಿತು ಅಂತ ಹುಡುಕುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ.

ಹಳೇ ಲ್ಯಾಪ್‌ಟಾಪ್ ಬೀರುವಿನಲ್ಲಿದೆ. ಮೊನ್ನೆ ಆ ಬಟನ್ ಒತ್ತಲೇಬೇಕಾಗಿ ಹೊರಗೆ ತೆಗೆದೆ. ಎ ಕೀಲಿಯ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿದೆ. ಬ್ಯಾಟರಿ ಸತ್ತು ಎಷ್ಟೋ ದಿನವಾಯಿತು, ಚಾರ್ಜರ್ ಕಿತ್ತರೆ ಕಣ್ಣು ಮುಚ್ಚುತ್ತದೆ. ತೊಡೆ ಮೇಲಿಟ್ಟುಕೊಂಡೆ. ಅದು ಸುಮ್ನೆ ಕೂತಿತು. ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಲು ಶುರುವಾಗಿ ತೊಡೆ ಬೆಚ್ಚಗಾಯಿತು. ನನ್ನ ಮೊದಲ ಕೆಲಸದ ಅರ್ಜಿ ಇದರಲ್ಲೇ ಬರೆದದ್ದು. ಆ ಕೆಲಸ ಬಿಟ್ಟ ಕಾಗದವೂ ಇದರಲ್ಲೇ. ಅಪ್ಪ ಹೋದ ರಾತ್ರಿ ಎಲ್ಲರಿಗೂ ಕಳಿಸಿದ ನಾಲ್ಕು ಸಾಲನ್ನೂ ಇದರಲ್ಲೇ ಕುಟ್ಟಿದ್ದು. ಆವತ್ತು ಕೈ ನಡುಗುತ್ತಿತ್ತು, ಆದರೂ ಒಂದು ಅಕ್ಷರವನ್ನೂ ಇದು ನುಂಗಿರಲಿಲ್ಲ. ಹಾಗೇ ಕೂತಿದ್ದವನು, ಪುಟ ಮೇಲೆ ಸರಿಸಲು ಪರದೆಯನ್ನು ಬೆರಳಿನಿಂದ ತಳ್ಳಿದೆ. ಪುಟ ಸರಿಯಲಿಲ್ಲ. ಧೂಳಿನಲ್ಲಿ ಒಂದು ಗೆರೆ ಮೂಡಿತು.

ಬೆಳಗಿನ ಮೇಲಿಗೆ ಸಂಜೆ ಉತ್ತರ ಬಂದಿದೆ. ಮೇಲಿನವರಿಗೂ ಮೇಲಿನವರಿಂದ. 'ನಿಮ್ಮ ಮೇಲ್ ತಲುಪಿತು. ಇಂತಿ, ಅನ್ಯ.' ಅದು ನಗುವೋ ಸಿಟ್ಟೋ ಗೊತ್ತಾಗುತ್ತಿಲ್ಲ. ಏನೇ ಇರಲಿ, ಕ್ಷಮೆ ಕೇಳಬೇಕು. ಈ ಸಲ ಹುಷಾರಾಗಿ ಕೀಬೋರ್ಡಿನ ಮುಂದೆ ಕೂತೆ. ಮೊದಲು ಇದನ್ನು ಚೆನ್ನಾಗಿ ಎಬ್ಬಿಸೋಣ, ಆಮೇಲೆ ಹೋಗಿ ತಲೆ ತರೋಣ ಅಂತ ಸ್ಪೇಸ್ ಕೀಲಿಯನ್ನು ನಾಲ್ಕು ಸಲ ಕುಟ್ಟಿದೆ.

"ಏ, ಮತ್ತೆ ಶುರುವಾಯ್ತು ಬಾರೋ!" ಹಾಲ್‌ನಿಂದ ಅಮ್ಮ ಕೂಗಿದರು.