ಅರವತ್ತು ಸಾವಿರದ ಲ್ಯಾಪ್‌ಟಾಪ್: ಮೊದಲು ಸ್ಕ್ರೀನ್ ನೋಡಿ

ಸಾಗರದಿಂದ ಅಕ್ಕ ಫೋನ್ ಮಾಡಿದ್ದಳು. ಅವಳ ಮಗಳು ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ಇಷ್ಟು ದಿನ ರೂಮ್‌ಮೇಟ್ ಲ್ಯಾಪ್‌ಟಾಪ್ ಕೇಳಿ ಪಡೆದು ಕೆಲಸ ನಡೆಸಿದ್ದಳು. "ಅಡಿಕೆ ದುಡ್ಡು ಬಂದಿದೆ ಕಣೆ. ಅರವತ್ತು ಸಾವಿರದವರೆಗೆ ಕೊಡ್ತೀವಿ. ಅಂಗಡಿಯವರು ಐ7 ತಗೊಳ್ಳಿ, ಗ್ರಾಫಿಕ್ಸ್ ಕಾರ್ಡ್ ಇರೋದೇ ತಗೊಳ್ಳಿ ಅಂತಿದಾರೆ. ನೀನೊಂದ್ಸಲ ಬಂದು ನೋಡು" ಅಂದಳು.

ನಾನು ಶಿವಮೊಗ್ಗದಲ್ಲಿ ಹದಿನಾಲ್ಕು ವರ್ಷದಿಂದ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಪುಸ್ತಕದ ಮುಖಪುಟ, ಸ್ಮರಣ ಸಂಚಿಕೆ, ಫ್ಲೆಕ್ಸ್, ಎಲ್ಲವೂ. ಇಂಥ ಫೋನು ತಿಂಗಳಿಗೆ ಎರಡು ಮೂರು ಬರುತ್ತವೆ. ಒಬ್ಬೊಬ್ಬರಿಗೂ ಹೇಳುತ್ತಾ ಬಂದಿದ್ದನ್ನು ಒಂದು ಸಲ ಬರೆದಿಡೋಣ ಅನ್ನಿಸಿತು.

ನನ್ನ ಅಭಿಪ್ರಾಯ ಇಷ್ಟು. ಚಿತ್ರ ಬರೆಯುವವರು, ಡಿಸೈನ್ ಮಾಡುವವರು, ಫೋಟೊ ತಿದ್ದುವವರು ಕಡಿಮೆ ದುಡ್ಡಿನಲ್ಲಿ ಲ್ಯಾಪ್‌ಟಾಪ್ ಕೊಳ್ಳುವಾಗ ದುಡ್ಡು ಮೊದಲು ಸ್ಕ್ರೀನಿಗೆ ಹೋಗಬೇಕು. ಆಮೇಲೆ ರ‍್ಯಾಮ್‌ಗೆ, ಅಂದರೆ ತೆರೆದಿಟ್ಟ ಕೆಲಸ ಹಿಡಿದಿಡುವ ಮೆಮೊರಿಗೆ. ಐ7 ಅಂತೆಲ್ಲ ಹೇಳುವ ಪ್ರೊಸೆಸರ್ ಮೂರನೆಯದು. ಅಂಗಡಿಯಲ್ಲಿ ಇದೆಲ್ಲ ತಲೆಕೆಳಗಾಗಿರುತ್ತದೆ. ಕೀಬೋರ್ಡ್ ಪಕ್ಕ ಅಂಟಿಸಿದ ಸ್ಟಿಕ್ಕರ್‌ನಲ್ಲಿ ಪ್ರೊಸೆಸರ್ ಹೆಸರು ಇರುತ್ತದೆ, ಗ್ರಾಫಿಕ್ಸ್ ಕಾರ್ಡ್ ಹೆಸರು ಇರುತ್ತದೆ. ಸ್ಕ್ರೀನ್ ಎಷ್ಟು ಬಣ್ಣ ತೋರಿಸುತ್ತದೆ ಅಂತ ಯಾವ ಸ್ಟಿಕ್ಕರೂ ಹೇಳುವುದಿಲ್ಲ. "ಫುಲ್ ಎಚ್‌ಡಿ ಇದೆ ಮೇಡಂ" ಅಂದರೆ ಮಾತು ಮುಗಿಯಿತು. ಅದು ಸ್ಕ್ರೀನಿನ ಚುಕ್ಕಿಗಳ ಲೆಕ್ಕ, ಬಣ್ಣದ್ದಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲಸ ಶುರು ಮಾಡಿದ ಮೊದಲ ವರ್ಷ ಒಂದು ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಯ ಮುಖಪುಟ ನನಗೆ ಸಿಕ್ಕಿತ್ತು. ಹಳದಿ ಕೆಂಪು ಬಾವುಟ, ಅದರ ಮೇಲೆ ಅಕ್ಷರ. ಅಷ್ಟೇ. ಅಚ್ಚಿನ ಶಾಯಿಯ ಲೆಕ್ಕದಲ್ಲಿ ಕೆಂಪಿಗೆ ಮಜೆಂಟಾ (ರಾಣಿ ಬಣ್ಣ) ಶೇಕಡಾ 100, ಹಳದಿ 100 ಇಟ್ಟಿದ್ದೆ. ನನ್ನ ಲ್ಯಾಪ್‌ಟಾಪಲ್ಲಿ ಅದು ಕುಂಕುಮದ ಕೆಂಪಾಗಿ ಕಾಣಲಿಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಸರಿ ಕಾಣುವವರೆಗೆ ಹಳದಿ ಇಳಿಸುತ್ತಾ ಹೋದೆ. 80, 70, 50. ಸ್ಕ್ರೀನಲ್ಲಿ ಕುಂಕುಮ ಬಂತು. ಪ್ರೆಸ್‌ಗೆ ಕಳಿಸಿದೆ. ಐನೂರು ಪ್ರತಿ ಬಂದಾಗ ಬಾವುಟದ ಕೆಂಪು ರಾಣಿ ಬಣ್ಣವಾಗಿತ್ತು. ಪ್ರೆಸ್‌ನವರ ತಪ್ಪು ಒಂದು ಚೂರೂ ಇರಲಿಲ್ಲ. ನಾನು ಕಳಿಸಿದ್ದನ್ನೇ ಅವರು ಅಚ್ಚು ಹಾಕಿದ್ದರು. ಮುಖಪುಟ ಮತ್ತೆ ಪ್ರಿಂಟ್ ಹಾಕಿಸಿ ಕೊಟ್ಟೆ. ಎರಡು ತಿಂಗಳ ಸಂಪಾದನೆ ಹೋಯಿತು.

ಆಮೇಲೆ ಹುಡುಕಿ ನೋಡಿದರೆ ನನ್ನ ಸ್ಕ್ರೀನ್ 45% ಎನ್‌ಟಿಎಸ್‌ಸಿ ಅನ್ನುವ ಜಾತಿಯದು. ಎನ್‌ಟಿಎಸ್‌ಸಿ ಅಂದರೆ 1953ರ ಅಮೆರಿಕದ ಟಿವಿ ಬಣ್ಣದ ಅಳತೆ. ಲ್ಯಾಪ್‌ಟಾಪ್ ಸ್ಕ್ರೀನ್ ಮಾಡುವವರು ಅನೇಕರು ಇವತ್ತಿಗೂ ಅದರಲ್ಲೇ ಅಳೆಯುತ್ತಾರೆ. ನಮಗೆ ಬೇಕಾದದ್ದು ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ ಅಳತೆ ಅದು. ವೆಬ್‌ಸೈಟು, ಫೋಟೊ ಎಲ್ಲ ಹೆಚ್ಚಾಗಿ ಅದರ ಮೇಲೇ ನಡೆಯುತ್ತವೆ. 72% ಎನ್‌ಟಿಎಸ್‌ಸಿ ಇದ್ದರೆ ಹೆಚ್ಚುಕಡಿಮೆ ಪೂರ್ತಿ ಎಸ್‌ಆರ್‌ಜಿಬಿ ಸಿಕ್ಕಂತೆ. 45% ಇದ್ದರೆ ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಣ್ಣ ಇಲ್ಲವೇ ಇಲ್ಲ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಈ 45%ದ್ದೇ ಜಾಸ್ತಿ. ಕೆಲವು ಗೇಮಿಂಗ್ ಲ್ಯಾಪ್‌ಟಾಪಲ್ಲೂ ಇದೇ ಇರುತ್ತದೆ, ನೆನಪಿಡಿ.

ಇನ್ನೊಂದು ವಿಷಯ. ಒಂದೇ ಮಾಡೆಲ್ ಹೆಸರಿನಲ್ಲಿ ಎರಡು ಮೂರು ಥರದ ಸ್ಕ್ರೀನ್ ಬರುತ್ತವೆ. ಆದ್ದರಿಂದ ಡಬ್ಬಿಯ ಮೇಲಿರುವ ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯ ವೆಬ್‌ಸೈಟಲ್ಲೇ ನೋಡಬೇಕು. ಅಲ್ಲಿ ಡಿಸ್‌ಪ್ಲೇ ಸಾಲಿನಲ್ಲಿ 45% ಅಂತ ಇದ್ದರೆ ಬಿಟ್ಟುಬಿಡಿ. 100% ಎಸ್‌ಆರ್‌ಜಿಬಿ ಅಂತ ಇದ್ದರೆ ನಿಲ್ಲಿ. ಬೆಳಕು 300 ನಿಟ್ಸ್ ಇದ್ದರೆ ಒಳ್ಳೆಯದು. 250 ಇದ್ದರೆ ಕಿಟಕಿ ಪಕ್ಕ ಕೂತು ಕೆಲಸ ಮಾಡುವುದು ಕಷ್ಟ.

ಅಕ್ಕನ ಮಗಳ ಜೊತೆ ಅಂಗಡಿಗೆ ಹೋಗುವಾಗ ನಾನು ಎರಡು ವಸ್ತು ಒಯ್ದಿದ್ದೆ. ಒಂದು, ಆ ರಾಜ್ಯೋತ್ಸವ ಸಂಚಿಕೆಯ ಸರಿಯಾಗಿ ಅಚ್ಚಾದ ಮುಖಪುಟ. ಇನ್ನೊಂದು, ಪೆನ್‌ಡ್ರೈವ್‌ನಲ್ಲಿ ಅದರದ್ದೇ ಫೈಲು. ಐದು ಲ್ಯಾಪ್‌ಟಾಪಲ್ಲಿ ಆ ಫೈಲ್ ತೆರೆದು, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಪಕ್ಕದಲ್ಲಿ ಮುಖಪುಟ ಹಿಡಿದು ನೋಡಿದೆವು. ಕಾಗದಕ್ಕೂ ಸ್ಕ್ರೀನಿಗೂ ನೂರಕ್ಕೆ ನೂರು ಹೊಂದಿಕೆ ಆಗುವುದಿಲ್ಲ, ನಿಜ. ಆದರೆ ಮೂರರಲ್ಲಿ ಕೆಂಪು ಮತ್ತೆ ಅದೇ ಇಟ್ಟಿಗೆ ಬಣ್ಣ. ಆ ಮೂರರಲ್ಲಿ ಒಂದು, ಅಂಗಡಿಯವರು ಮೊದಲು ತೋರಿಸಿದ ಐ7. ಹುಡುಗಿ ನನ್ನ ಮುಖ ನೋಡಿ "ಚಿಕ್ಕಮ್ಮ, ಇದರಲ್ಲಿ ಬಾವುಟ ಬಿಸಿಲಿಗೆ ಒಣಗಿ ಮಾಸಿದ ಹಾಗಿದೆ" ಅಂದಳು. ಅಲ್ಲಿಗೆ ಅವಳಿಗೇ ಎಲ್ಲ ಅರ್ಥವಾಗಿತ್ತು.

ಇನ್ನು ರ‍್ಯಾಮ್. 16 ಜಿಬಿ ಬೇಕು. 8 ಸಾಕಾಗುತ್ತೆ ಅಂತ ಹೇಳುವವರು ಫೋಟೊಶಾಪ್ ತೆರೆದು, ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ಇಟ್ಟುಕೊಂಡು ಕೂತು ನೋಡಲಿ. ಅಡೋಬಿಯವರೇ ಫೋಟೊಶಾಪ್‌ಗೆ 16 ಇರಲಿ ಅಂತ ಹೇಳುತ್ತಾರೆ. ಈಗ 8 ಇರುವುದನ್ನು ಕೊಂಡು ಆಮೇಲೆ ಹಾಕಿಸೋಣ ಅಂತಿದ್ದರೆ, ಸ್ಲಾಟ್ ಇದೆಯಾ ಅಂತ ಮೊದಲೇ ಕೇಳಿ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೊಂಡಾಗ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. 2020ರ ಎಂ1 ಮ್ಯಾಕ್‌ಬುಕ್ ಏರ್ ಸೆಕೆಂಡ್ ಹ್ಯಾಂಡಲ್ಲಿ ಕೇಳುವವರಿಗೂ ನಾನು ಇದನ್ನೇ ಹೇಳುವುದು. ಅದರ ಸ್ಕ್ರೀನ್ ತುಂಬಾ ಚೆನ್ನಾಗಿದೆ, ಫ್ಯಾನೇ ಇಲ್ಲದ್ದರಿಂದ ಸದ್ದೂ ಇಲ್ಲ. ಆದರೆ ಮಾರಾಟಕ್ಕೆ ಬರುವುದು ಜಾಸ್ತಿ 8 ಜಿಬಿಯವೇ, ಏರಿಸಲು ದಾರಿ ಇಲ್ಲ.

ಪ್ರೊಸೆಸರ್ ಬಗ್ಗೆ ಒಂದೇ ಮಾತು. ದೊಡ್ಡ ನಂಬರ್ ನೋಡಿ ಹೊಸದು ಅಂದುಕೊಳ್ಳಬೇಡಿ. ಎಎಂಡಿ ಕಂಪನಿಯ ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ಹೆಸರಲ್ಲಿ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಆದರೆ ಮೊದಲನೆಯದರಲ್ಲಿ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಒಳಗಿರುವುದು 2019ರಲ್ಲಿ ಬಂದ ಜೆನ್ 2 ವಿನ್ಯಾಸ. ಎರಡನೆಯದರಲ್ಲಿ ಆರು ಕೋರ್, ಜೆನ್ 3. 7000ದ ಸಾಲಿನಲ್ಲಿ ಮೂರನೇ ಅಂಕಿ ಯಾವ ಜೆನ್ ಅಂತ ಹೇಳುತ್ತದೆ.

ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ ಅಂತಲ್ಲ. ಬ್ಲೆಂಡರ್‌ನಲ್ಲಿ ತ್ರೀಡಿ ಕೆಲಸ ಮಾಡುವವರಿಗೆ ಬೇಕೇ ಬೇಕು, ರೆಂಡರ್, ಅಂದರೆ ಕೊನೆಯ ಚಿತ್ರ ತಯಾರಾಗುವ, ಸಮಯದಲ್ಲಿ ಅಜಗಜಾಂತರ. ಅವರು ಕೂಡ ಕಾರ್ಡಿನ ಹೆಸರಷ್ಟೇ ನೋಡಬಾರದು. ಒಂದೇ ಆರ್‌ಟಿಎಕ್ಸ್ 3050 ಒಂದು ಲ್ಯಾಪ್‌ಟಾಪಲ್ಲಿ 35 ವ್ಯಾಟ್‌ನಲ್ಲಿ ಓಡುತ್ತದೆ, ಇನ್ನೊಂದರಲ್ಲಿ 80 ವ್ಯಾಟ್‌ನಲ್ಲಿ. ವ್ಯಾಟ್ ಕಡಿಮೆ ಇದ್ದರೆ ವೇಗವೂ ಕಡಿಮೆ. ವಿಡಿಯೊ ಎಡಿಟ್ ಮಾಡುವವರಿಗೆ ಇಂಟೆಲ್ ಪ್ರೊಸೆಸರ್‌ನೊಳಗೇ ಇರುವ ಕ್ವಿಕ್ ಸಿಂಕ್ ಅನ್ನುವ ವಿಡಿಯೊ ಭಾಗ ಮೊಬೈಲಲ್ಲಿ ತೆಗೆದ ಕ್ಲಿಪ್‌ಗಳಿಗೆ ಚೆನ್ನಾಗಿ ಆಗುತ್ತದೆ. 4ಕೆ ತಡವರಿಸಿದರೆ ಪ್ರಾಕ್ಸಿ ಮಾಡಿಕೊಳ್ಳಿ. ಚಿಕ್ಕ ಸೈಜಿನ ನಕಲಿನ ಮೇಲೆ ಎಡಿಟ್ ಮಾಡಿ, ಕೊನೆಗೆ ಅಸಲಿ ಫೈಲಿನಿಂದ ಹೊರತೆಗೆಯುವುದು. ವಿಡಿಯೊ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಈ ಪ್ರಾಕ್ಸಿ ಕೆಲಸ ಆಗುತ್ತದೆ.

ದುಡ್ಡು ಇನ್ನೂ ಕಡಿಮೆ ಇದ್ದರೆ ಆಫೀಸುಗಳಲ್ಲಿ ಬಳಸಿ ಬಿಟ್ಟ ಲ್ಯಾಪ್‌ಟಾಪ್ ನೋಡಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಇಂಟೆಲ್ ಆದರೆ 8ನೇ ಜನರೇಶನ್‌ಗಿಂತ ಹಳೆಯದು ಬೇಡ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 8ನೇ ಜನರೇಶನ್‌ಗಿಂತ ಹಳೆಯ ಇಂಟೆಲ್ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಸಾಮಾನ್ಯವಾಗಿ ಒಪ್ಪುವುದಿಲ್ಲ. ಇವುಗಳಲ್ಲೂ ಸ್ಕ್ರೀನ್ ಮಾಸಲು ಇರುವುದೇ ಜಾಸ್ತಿ. ಆಗ ಉಳಿದ ದುಡ್ಡಿಗೆ ಪೂರ್ತಿ ಎಸ್‌ಆರ್‌ಜಿಬಿ ಇರುವ ಒಂದು ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ) ಮಾನಿಟರ್ ತಗೊಳ್ಳಿ. ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ದಾರಿ ಇದು. ನಾನು ಈಗಲೂ ಹೀಗೇ ಕೆಲಸ ಮಾಡುತ್ತೇನೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಹೊಸ ಲ್ಯಾಪ್‌ಟಾಪಲ್ಲಿ ಫೋಟೊಶಾಪ್‌ನ ಹಳೆಯ ಆವೃತ್ತಿ ಹಾಕಿ ಯುನಿಕೋಡ್‌ನಲ್ಲಿ "ರಾಷ್ಟ್ರ" ಅಂತ ಟೈಪ್ ಮಾಡಿದಾಗ ಒತ್ತಕ್ಷರ ಒಡೆದುಹೋದರೆ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನುವಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿಕೊಂಡು, ಹೊಸ ಫೈಲ್ ತೆರೆಯಿರಿ. ಡಿಸೈನ್ ಮಾಡುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ, ಅದು ಉಚಿತ ಕೂಡ. ಚಿತ್ರ ಬರೆಯಲು ಕ್ರಿಟಾ ಇದೆ. ಓದುವ ಮಕ್ಕಳು ಯಾರೋ ಕೊಟ್ಟ ಕ್ರ್ಯಾಕ್ (ದುಡ್ಡು ಕೊಡದ ಕಳ್ಳ ಆವೃತ್ತಿ) ಹಾಕಿಕೊಂಡು ವೈರಸ್ ತರಿಸಿಕೊಳ್ಳುವುದು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಕೊನೆಗೆ ಹುಡುಗಿಗೆ ಕೊಂಡದ್ದು ರೈಜೆನ್ 5, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 14 ಇಂಚಿನ 100% ಎಸ್‌ಆರ್‌ಜಿಬಿ ಸ್ಕ್ರೀನ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಉಳಿದ ದುಡ್ಡಲ್ಲಿ ಒಂದು ಚಿಕ್ಕ ಪೆನ್ ಟ್ಯಾಬ್ಲೆಟ್ ಬಂತು. ಲ್ಯಾಪ್‌ಟಾಪ್‌ಗಿಂತ ಅದನ್ನು ಕಂಡೇ ಅವಳಿಗೆ ಜಾಸ್ತಿ ಖುಷಿ. ವಾಪಸ್ ಬರುವಾಗ ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಕೊಳ್ಳುವುದಿದ್ದರೆ, ಎಷ್ಟು ದುಡ್ಡು, ಏನು ಕೆಲಸ, ಅಂಗಡಿಯವರು ಹೇಳಿದ ಪೂರ್ತಿ ಮಾಡೆಲ್ ನಂಬರ್ ಯಾವುದು ಅಂತ ಇನ್‌ಬಾಕ್ಸ್‌ಗೆ ಹಾಕಿ. ಅದರಲ್ಲಿ ಯಾವ ಸ್ಕ್ರೀನ್ ಬರುತ್ತದೆ ಅಂತ ಹುಡುಕಿ ಹೇಳುತ್ತೇನೆ. ಸಂಜೆ ಏಳರ ಮೇಲೆ ನಾನು ಬಿಡುವಾಗಿರುತ್ತೇನೆ.