ದಂಡಕ್ಕಷ್ಟೇ ಇರುವವರಲ್ಲ

'ಪಾರ್ಕಿಂಗ್ ನೋಡಿಕೊಳ್ಳುವ ಸಿಬ್ಬಂದಿ ಇರುವುದೇ ದಂಡ ವಸೂಲಿಗೆ, ಪ್ರವಾಸಿಗರಿಗೆ ಸುಮ್ನೆ ಕಿರಿಕಿರಿ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಭಾನುವಾರ ಮಡಿಕೇರಿಯ ರಾಜಾಸೀಟ್ ಕಡೆ ಬಂದು ನೋಡಿ. ಏರು ರಸ್ತೆ, ತಿರುವು. ಅಲ್ಲೇ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ ಕಾರು! ಎದುರಿನಿಂದ ಒಂದು ಬಸ್ ಬಂದರೆ ಮುಗೀತು. ಆಂಬುಲೆನ್ಸ್ ಬಂದರೆ? ಮಳೆಗಾಲದ ಮಂಜಿನಲ್ಲಂತೂ ಮುಂದಿನ ಗಾಡಿ ನಿಂತಿದೆಯೋ ಹೋಗುತ್ತಿದೆಯೋ ಎಂದೇ ಗೊತ್ತಾಗುವುದಿಲ್ಲ.

ಬೇರೆಯವರಿಗೆ ಅಪಾಯ ಆಗುವಂತೆ ಗಾಡಿ ನಿಲ್ಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ಹೇಳುತ್ತದೆ. ಆದರೆ ಕಾಯ್ದೆ ಬಂದು ಗಾಡಿ ತೆಗೆಸುವುದಿಲ್ಲ ಅಲ್ವಾ? ರೇನ್‌ಕೋಟ್ ಹಾಕಿಕೊಂಡು, ವಿಷಲ್ ಊದಿ, 'ಸ್ವಲ್ಪ ಮುಂದೆ ತಗೊಳ್ಳಿ ಸಾರ್' ಎಂದು ಹೇಳಿ ಬೈಸಿಕೊಳ್ಳುವವರು ಒಬ್ಬರು ಬೇಕು. (ಬೈಯುವವರಲ್ಲಿ ನಮ್ಮೂರಿನವರೂ ಕಮ್ಮಿ ಇಲ್ಲ ಬಿಡಿ.)

'ನಿಲ್ಲಿಸೋಕೆ ಜಾಗ ಎಲ್ಲಿದೆ' ಎಂಬ ಪ್ರಶ್ನೆ ಮಾತ್ರ ನ್ಯಾಯವೇ. ಆದರೆ ಅದನ್ನು ಪಾರ್ಕಿಂಗಿಗೆ ಜಾಗ ಬಿಡದೆ ಲಾಡ್ಜ್ ಕಟ್ಟಿದವರನ್ನು ಕೇಳಿ. ನನ್ನ ಕೇಳಿಕೆ ಇಷ್ಟೇ: ದಸರಾ ಸಮಯದಲ್ಲಿ ಹಾಕುವ ಹಾಗೆ ಶನಿವಾರ, ಭಾನುವಾರವೂ ಇಲ್ಲಿಗೆ ಜಾಸ್ತಿ ಜನ ಹಾಕಲಿ.